ಗುಲಾಬಿ ಕೇಳಿದ ಕೆಸುವಿನ ಎಲೆ

ಕೋಟ,
3 ಆಗಸ್ಟ್ 2025

ಮಗನೇ ಯೋಗೀಶ,

ಮುಂಬೈಯ ಮಳೆಗೆ ನಿನ್ನ ಕೆಮ್ಮು ಮತ್ತೆ ಎದ್ದಿಲ್ಲ ತಾನೆ? ಮಾವನ ಹೋಟೆಲಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣು. ಊರಿಗೆಲ್ಲ ಬಡಿಸಿ ತಾನು ಹಸಿದಿರುವ ಚಾಳಿ ನಿನ್ನ ಅಪ್ಪನದು, ನಿನಗೆ ಬೇಡ. ನಾವೆಲ್ಲ ಕ್ಷೇಮ.

ನಮ್ಮ ಲಾಂಡ್ರಿಯ ನೀರಿನಿಂದ ಪಕ್ಕದ ಮನೆಯ ಗುಲಾಬಿಯ ಬಾವಿ ಕೆಟ್ಟಿತೆಂದು ಗೊತ್ತಾದಾಗ ನೀನು ಮುಖ ತೋರಿಸಲಾರದೆ ಬಸ್ಸು ಹತ್ತಿದೆ. ನಿನ್ನ ಹೆಂಡತಿ ಹತ್ತಲಿಲ್ಲ. ಹೋಟೆಲುಗಳ ಮೇಜುಬಟ್ಟೆಗೆ ಕಲೆ ಹಿಡಿಯದಂತೆ ಹಾಕುತ್ತಿದ್ದ ಆ ಮದ್ದನ್ನು ಚೇತನಾ ಅಂದೇ ನಿಲ್ಲಿಸಿದಳು. ಆದರೂ ಹಳೆಯ ಬಟ್ಟೆ ಒಗೆದಾಗಲೆಲ್ಲ ಅದು ನೀರಿಗೆ ಸೇರುತ್ತದೆ; ಕುದಿಸಿದರೂ ಹೋಗದು, ವರ್ಷಗಟ್ಟಲೆ ಕೊಳೆಯದು. ಅದಕ್ಕೇ ಹಿತ್ತಿಲಲ್ಲಿ ಹೊಂಡ ತೋಡಿಸಿ, ತಳಕ್ಕೆ ಪ್ಲಾಸ್ಟಿಕ್ ಹಾಸಿ, ಮಣ್ಣು, ಮರಳು, ಇದ್ದಿಲು ತುಂಬಿ, ಲಾವಂಚ ಮತ್ತು ಕಾಬಾಳೆ ಹೂವಿನ ಗಿಡ ನೆಟ್ಟಳು. ಒಗೆದ ನೀರೆಲ್ಲ ಅದರೊಳಗೆ ನಿಧಾನವಾಗಿ ಹಾಯಬೇಕು. ಸ್ವಲ್ಪ ಮದ್ದು ಮಣ್ಣಿಗೆ ಅಂಟುತ್ತದೆ, ಸ್ವಲ್ಪವನ್ನು ಗಿಡ ಹೀರುತ್ತದೆ. ಅವಳೆದುರು ನಾನು ಹೊಗಳಿಲ್ಲ, ನೀನೂ ಹೇಳಬೇಡ.

ಆ ಪಾತಿಯಲ್ಲಿ ಕೆಸು ತಾನಾಗಿ ಎದ್ದು, ಎಲೆ ಗೆರಸೆಯಷ್ಟು ಅಗಲವಾಗಿದೆ. ಆಸಾಡಿ ತಿಂಗಳಲ್ಲಿ ಪತ್ರೊಡೆಗೆ ನಮ್ಮ ಹಿತ್ತಿಲಿಂದಲೇ ಎಲೆ ಒಯ್ಯುವುದು ಗುಲಾಬಿಯ ಅತ್ತೆಯ ಕಾಲದಿಂದಲೂ ನಡೆದು ಬಂದ ಕ್ರಮ. ಬಾವಿ ಕೆಟ್ಟ ಮೇಲೆ ಈ ಕಡೆ ತಲೆ ಹಾಕದಿದ್ದವಳು ಮೊನ್ನೆ ಕತ್ತಿ ಹಿಡಿದು ಬಂದಳು. ಕೊಯ್ಯಲು ಬಗ್ಗಿದವಳ ಕೈ ಹಿಡಿದೆ.

"ಬಾವಿ ಹಾಳ್ ಮಾಡದ್ದ್ ಸಾಕಾಯ್ಲಿಲ್ಯಾ? ನಾಲ್ಕ್ ಎಲಿ ಕೊಡುಕೂ ಆತಿಲ್ಯಾ, ವನಜಕ್ಕ?" ಎಂದಳು.

ಯಾರನ್ನೂ ಬರಿಗೈಯಲ್ಲಿ ಕಳಿಸಿದವಳಲ್ಲ ನಾನು. "ನಿನ್ ಬಾವಿಗ್ ಹೋಪ್ ಮದ್ದ್ ಈಗ ಈ ಎಲಿ ಒಳ್ಗ್ ಕೂತಿತ್ ಮಾರಾಯ್ತಿ. ತಿಂಬುಕಾಗ" ಎಂದೆ.

ಗುಲಾಬಿ ಎಲೆಯನ್ನು ಮಗುಚಿ ನೋಡಿದಳು. "ಹಾಂಗಾರೆ ಬೆಳಿಲಿ. ಇನ್ನೂ ದೊಡ್ಡ ಆಯ್ಲಿ" ಎಂದು ಕತ್ತಿ ಇಳಿಸಿದಳು.

ಮರುದಿನವೇ ಮರವಂತೆಯ ನಿನ್ನ ಚಿಕ್ಕಮ್ಮನ ತೋಟದಿಂದ ಕೆಸು ತರಿಸಿ, ಪತ್ರೊಡೆ ಬೇಯಿಸಿ, ಅಜ್ಜಿಯ ಕಾಲದ ತಪ್ಪಲೆಯಲ್ಲಿ ನಾನೇ ಒಯ್ದು ಕೊಟ್ಟೆ.

ಪಾತಿಯಿಂದ ಹೊರಬರುವ ನೀರಲ್ಲಿ ಮದ್ದು ಅರ್ಧಕ್ಕಿಂತ ಕೆಳಗಿಳಿದಿದೆ ಎಂದು ಪರೀಕ್ಷೆಯ ವರದಿ ಬಂದಿದೆ. ಗುಲಾಬಿಯ ಬಾವಿ ಸರಿಯಾಗಲು ಇನ್ನೂ ಕಾಲ ಬೇಕು. ಅಲ್ಲಿಯವರೆಗೆ ನಮ್ಮ ಮೇಲ್ಬದಿಯ ಬಾವಿಯ ನೀರು ಪೈಪಿನಲ್ಲಿ ಅವಳ ಮನೆಗೆ ಹೋಗುತ್ತದೆ. ಪಾತಿಯಿಂದ ಕೊಯ್ದ ಗಿಡವನ್ನು ದನಕ್ಕೆ ಹಾಕುವಂತಿಲ್ಲ, ಗೊಬ್ಬರಕ್ಕೂ ಇಲ್ಲ, ಒಲೆಗೂ ಇಲ್ಲ. ಡ್ರಮ್ಮಿನಲ್ಲಿ ಮುಚ್ಚಿಟ್ಟಿದ್ದೇವೆ. ಚೇತನಾ ಒಬ್ಬಳೇ ಎಷ್ಟೆಂದು ಎಳೆಯುತ್ತಾಳೆ?

ದೇವರು ನಿನಗೆ ಆರೋಗ್ಯ ಕೊಡಲಿ, ಬುದ್ಧಿಯನ್ನೂ ಕೊಡಲಿ.

ನಿನ್ನ ಅಮ್ಮ,
ವನಜ

ಮರೆತ ಮಾತು: ತಪ್ಪಲೆ ಕೇಳಲು ಹೋದರೆ ಗುಲಾಬಿ ಕೊಡಲಿಲ್ಲ. "ಯೋಗೀಶನೇ ಬಂದ್ ತಕಂಡ್ ಹೋಯ್ಲಿ" ಎಂದು ಒಳಗಿಟ್ಟಳು. ಚೌತಿಗೆ ನನಗೆ ಆ ತಪ್ಪಲೆ ಬೇಕು.