ಮುದ್ದಕ್ಕನ ಮುಖ

ಮಧುಗಿರಿ, ೬ ಆಗಸ್ಟ್ ೧೯೩೯, ಭಾನುವಾರ

ಇವತ್ತೂ ಮುದ್ದಕ್ಕ ಹೇಳಿದ ಹೊತ್ತಿಗೆ ಬಂದಳು. ಬೆಟ್ಟದ ತಪ್ಪಲಲ್ಲಿ ಆಡು ಮೇಯಿಸುವವಳು, ಮಿಸುಕದೆ ಕೂರುವುದು ಅವಳಿಗೆ ಶಿಕ್ಷೆ. ಆದರೂ ನನ್ನ ಚಿತ್ರಕ್ಕೆ ಪೋಸ್ ಕೊಟ್ಟಳು. ಕೂಲಿ ಬೇಡವಂತೆ.

"ಸಂಕ್ರಾಂತಿ ಕಳೀತಲೂ ಮಗಳ್ನ ಅಳಿಯ ಕೋಲಾರದ ಗಣಿಗೆ ಕರ್ಕೊಂಡೋಗ್ತಾನೆ ಸ್ವಾಮಿ. ನನ್ ಮೋರೆ ಒಂದು ಬರ್ಕೊಟ್ರೆ ಅವಳ ಕೈಗೆ ಕೊಟ್ಟು ಕಳಿಸ್ತೀನಿ."

ಆಯಿತು ಎಂದೆ.

೧೦ ಸೆಪ್ಟೆಂಬರ್

ಚಿತ್ರ ಮುಗಿಯಿತು. ಬಂಡೆ ಯಾವುದು, ಹೆಂಗಸು ಯಾವುದು ಹೇಳಲಾಗದ ಹಾಗೆ ಬೆರೆತಿವೆ. ಮುಖದ ಜಾಗದಲ್ಲಿ ಬರೀ ಕಂದು ಬಣ್ಣ, ಮೇಲೊಂದು ಬಿಸಿಲಿನ ಗೆರೆ. ಡ್ರಾಯಿಂಗ್ ಮೇಷ್ಟ್ರಾದ ಮೇಲೆ ಇಂಥದ್ದು ಬರೆದೇ ಇರಲಿಲ್ಲ.

ಮುದ್ದಕ್ಕ ಬಹಳ ಹೊತ್ತು ನೋಡಿದಳು.

"ಕಣ್ಣೇ ಇಲ್ವಲ್ಲ ಸ್ವಾಮಿ."

"ಇದು ಮಾಡರ್ನ್ ಚಿತ್ರ. ನಿನ್ನ ಒಳಗಿರೋದನ್ನ ಬರೆದಿದೀನಿ."

"ಒಳಗಿಂದ ನನ್ ಮಗಳು ಹೆಂಗೆ ಗುರ್ತು ಹಿಡೀತಾಳೆ?"

ದಸರಾ ಪ್ರದರ್ಶನ ಮುಗಿಯಲಿ, ಇನ್ನೊಂದು ಬರೆದುಕೊಡುತ್ತೇನೆ ಎಂದೆ.

೨೬ ಅಕ್ಟೋಬರ್

ಮೈಸೂರಿನಿಂದ ಬಂದೆ. ಮೊದಲನೇ ಬಹುಮಾನ... ಚಿತ್ರ ಅಲ್ಲೇ ಮಾರಾಟವೂ ಆಯಿತು. ಬಾಗಿಲಲ್ಲಿ ಮುದ್ದಕ್ಕ. "ಈಗ ಕೂರ್ಲಾ?" ಎಂದಳು. ಪ್ರಯಾಣದ ಸುಸ್ತು. ಆಮೇಲೆ ಬಾ ಎಂದೆ.

೫ ನವೆಂಬರ್

ಬಂದಿದ್ದಳು. ಹೊಸ ಕ್ಯಾನ್ವಾಸ್ ಶುರುಮಾಡಿದ್ದೆ. ಹಿಂದಕ್ಕೆ ಕಳಿಸಿದೆ.

೧೮ ಡಿಸೆಂಬರ್

ಪ್ಲೇಗು. ಊರ ಹೊರಗೆ ಗುಡಿಸಲು ಹಾಕಿಕೊಂಡಿದ್ದೇವೆ. ಮುದ್ದಕ್ಕ ಮೊನ್ನೆಯೇ ತೀರಿಕೊಂಡಳಂತೆ.

೯ ಜನವರಿ ೧೯೪೦, ಮಧ್ಯಾಹ್ನ

ಇದ್ದಿಲು ಹಿಡಿದು ಕೂತೆ. ಹೆಗಲು ಬರುತ್ತದೆ, ಕುತ್ತಿಗೆಯ ನೆರಳು ಬರುತ್ತದೆ. ಮುಖ ಬರುವುದಿಲ್ಲ. ನಾನು ಬಳಿದ ಕಂದು ಬಣ್ಣವೇ ಅಡ್ಡ ನಿಲ್ಲುತ್ತದೆ.

ನನ್ನಾಕೆ ಕರಿಬಸಮ್ಮ ಕೇಳಿದಳು, "ಅಷ್ಟು ದಿನ ಎದುರಿಗೆ ಕೂರಿಸ್ಕೊಂಡು ಏನು ನೋಡ್ತಿದ್ರಿ?"

ಬೆಳಕು ನೋಡುತ್ತಿದ್ದೆ. ಹೇಳಲು ನಾಚಿಕೆಯಾಯಿತು.

೧೫ ಜನವರಿ

ಮುದ್ದಕ್ಕನ ಮಗಳು ನರಸಮ್ಮ ಬಂದಳು. ನಾಳೆ ಪ್ರಯಾಣ.

"ಮೇಷ್ಟ್ರು ಬರ್ದಿಕ್ಕಿರ್ತಾರೆ, ಇಸ್ಕೊಂಡೋಗು ಅಂದಿತ್ತು ಅವ್ವ."

ಬರೆದಿಲ್ಲ ಎಂದೆ. ಮುಖ ನೆನಪಿಲ್ಲ ಎಂದೂ ಹೇಳಿದೆ. ಅವಳು ತಾನೇ ಚಾಪೆಯ ಮೇಲೆ ಕೂತಳು.

"ನಂದೂ ಅವ್ವನ ಮೋರೇನೆ ಅಂತಾರೆ. ನನ್ ನೋಡ್ಕೊಂಡು ಬರೀರಿ. ವಯಸ್ಸು ನೀವೇ ಸೇರ್ಸಿ."

ಬರೆದೆ. ಕೆನ್ನೆ ಇಳಿಸಿದೆ, ಹಣೆಗೆ ಗೆರೆ ಎಳೆದೆ. ಹತ್ತಿರ ಬಂದು ನೋಡಿದಳು.

"ಇದು ನಾನು ಮುದ್ಕಿ ಆದ್ಮೇಲೆ. ಅವ್ವ ಅಲ್ಲ."

ಅವಳು ಹೇಳಿದ ಹಾಗೆಲ್ಲ ತಿದ್ದಿದೆ. ಸಂಜೆಗೆ ಕಾಗದವೇ ಸವೆಯಿತು. "ಇರ್ಲಿ ಬುಡಿ ಸ್ವಾಮಿ," ಎಂದಳು. ಕೊಟ್ಟರೂ ತೆಗೆದುಕೊಳ್ಳಲಿಲ್ಲ.

೧೬ ಜನವರಿ, ಬೆಳಿಗ್ಗೆ

ಬಸ್ಸಿನ ಹತ್ತಿರ ಹೋಗಿದ್ದೆ. ಗಂಟು ಹೊತ್ತು ಹತ್ತುವಾಗ ನರಸಮ್ಮ ಒಮ್ಮೆ ಬೆಟ್ಟದ ಕಡೆ ತಿರುಗಿದಳು. ಎದುರು ಬಿಸಿಲು. ಕಣ್ಣು ಕಿರಿದು ಮಾಡಿದಳು... ಥೇಟ್ ಮುದ್ದಕ್ಕ. ಬಸ್ಸು ಹೊರಟಿತು.

ಓಡಿಬಂದು ಇದ್ದಿಲು, ಕಾಗದ ಎದುರಿಗಿಟ್ಟುಕೊಂಡು ಕೂತಿದ್ದೇನೆ. ಎಡಗಣ್ಣು ಸ್ವಲ್ಪ ಸಣ್ಣದು. ರೆಪ್ಪೆ ಹೊರಮೂಲೆಗೆ ಇಳಿದು, ಅಲ್ಲಿಂದ—