ಮೇಣದೊಳಗೆ ಅಕ್ಕನ ಗಂಟು, ಪಕ್ಕದಲ್ಲಿ ನನ್ನದು

ಮಾನ್ಯ ವಿಲೇವಾರಿ ಸಮಿತಿಯ ಅಧ್ಯಕ್ಷರೇ,

ತಾವು ನನ್ನನ್ನು ಗುಜರಿಗೆ ಹಾಕಿದ್ದೀರಿ. ಪೂರ್ತಿ ನನ್ನನ್ನಲ್ಲ, ನನ್ನಿಂದ ಕತ್ತರಿಸಿ ತೆಗೆದ ಒಂದು ಚೂರನ್ನು. ಆಸ್ಪತ್ರೆಯ ಬಾಗಿಲಿಗೆ ಅಂಟಿಸಿರುವ ತಮ್ಮ ಪ್ರಕಟಣೆಯಲ್ಲಿ, ತುಕ್ಕು ಹಿಡಿದ ಮಂಚಗಳಿಗೂ ಕಾಲು ಮುರಿದ ಕುರ್ಚಿಗಳಿಗೂ ನಡುವೆ, ‘ಹಳೆಯ ಮೇಣದ ತುಂಡುಗಳು, ನಿರುಪಯುಕ್ತ’ ಎಂದು ಬರೆದಿದೆ. ಅವು ಉರಿದು ಮಿಕ್ಕ ಮೇಣದಬತ್ತಿಗಳಲ್ಲ ಸ್ವಾಮಿ. ಸ್ತನ ಕ್ಯಾನ್ಸರಿನ ಗಂಟುಗಳಿಂದ ತೆಗೆದ ಚೂರುಗಳನ್ನು ಕೆಡದಂತೆ ಮೇಣದಲ್ಲಿ ಹುದುಗಿಸಿ, ತಮ್ಮದೇ ಆಸ್ಪತ್ರೆಯವರು ವರ್ಷಗಳಿಂದ ಜೋಪಾನ ಮಾಡಿಟ್ಟಿರುವ ತುಂಡುಗಳು. ಅವುಗಳಲ್ಲಿ ನನ್ನದೂ ಒಂದಿದೆ. ನನ್ನನ್ನು ನಿರುಪಯುಕ್ತಳೆಂದವರಲ್ಲಿ ತಾವು ಮೊದಲಿಗರೇನಲ್ಲ. ಆದರೆ ಮೊಹರು ಹಾಕಿ ಹೇಳಿದವರು ಇದುವರೆಗೆ ಯಾರೂ ಇರಲಿಲ್ಲ.

ಆಸ್ಪತ್ರೆಯ ಎದುರಿಗೇ ನನ್ನ ಹೊಲಿಗೆ ಅಂಗಡಿ. ಹೆಂಗಸರ ಎದೆಯ ಸುತ್ತಳತೆಯನ್ನು ಟೇಪು ಮುಟ್ಟದೆ ಹೇಳಬಲ್ಲೆನೆಂದು ಬೀಗುತ್ತಿದ್ದವಳು ನಾನು. ಕಾಲಿಂಚು ವ್ಯತ್ಯಾಸವನ್ನೂ ಹಿಡಿಯುವ ಈ ಮಹಾ ತಜ್ಞೆಗೆ ತನ್ನ ಎದೆಯ ಗಂಟು ಮಾತ್ರ ಸಿಕ್ಕಿರಲಿಲ್ಲ. ನನ್ನ ಜೊತೆ ಅಂಗಡಿಯಲ್ಲೇ ಹೊಲಿಯುತ್ತಿದ್ದ ಅಕ್ಕ, ತನಗೊಂದು ಗಂಟಾಗಿದೆ, ನೀನೂ ಒಮ್ಮೆ ತೋರಿಸಿಕೋ ಎಂದು ಕೈ ಹಿಡಿದು ರಸ್ತೆ ದಾಟಿಸಿದಳು. ಇಬ್ಬರಿಗೂ ಅದೇ ಕಾಯಿಲೆ, ಹೆಚ್ಚುಕಡಿಮೆ ಅದೇ ಗಾತ್ರ, ಅದೇ ವೈದ್ಯರು. ಅಕ್ಕ ತುಟಿ ಪಿಟಕ್ಕೆನ್ನದೆ ಚಿಕಿತ್ಸೆ ಮುಗಿಸಿದಳು. ಮನೆಯಲ್ಲಿ ಪುಕ್ಕಲಿ ಎಂದೇ ಹೆಸರಾದ ನಾನು ಇಂಜೆಕ್ಷನ್ನಿಗೆ ಮಾಡಿದ ರಂಪ ಪಕ್ಕದ ವಾರ್ಡಿಗೂ ಕೇಳಿಸಿತು. ದಿನವಿಡೀ ಸೂಜಿ ಹಿಡಿದು ಹೊಟ್ಟೆ ಹೊರೆಯುವವಳು, ನೋಡಿ. ಕೊನೆಗೆ ನನ್ನದು ಇದ್ದಲ್ಲಿಗೇ ಮುಗಿಯಿತು. ಅಕ್ಕನದು ಕಂಕುಳಿಗೆ, ಅಲ್ಲಿಂದ ಮೂಳೆಗೆ ಹರಡಿತು. ಧೈರ್ಯದವಳು ಹೋದಳು, ಪುಕ್ಕಲಿ ಉಳಿದೆ. ಅವಳದೇ ಯಾಕೆ ಹರಡಿತು ಎಂಬ ಪ್ರಶ್ನೆ ಅಂದಿನಿಂದ ನನ್ನ ತಲೆ ತಿನ್ನುತ್ತಿದೆ.

ಅದಕ್ಕೆ ಉತ್ತರ ಹುಡುಕುತ್ತಿರುವವರು ತಮ್ಮ ಪ್ರಯೋಗಾಲಯದಲ್ಲೇ ಇದ್ದಾರೆ. ಆ ಡಾಕ್ಟರಮ್ಮ ಬಿಳಿ ಕೋಟಿನ ತೋಳು ಗಿಡ್ಡ ಮಾಡಿಸಲು ಬಂದಾಗ ಹೇಳಿದರು: ಕೆಲವು ಗಂಟುಗಳು ನರಗಳನ್ನು ಬೆಳೆಸುವ ಒಂದು ಅಂಶವನ್ನು ಹೊರಬಿಡುತ್ತವಂತೆ. ಬನ್ನಿ ಎಂದು ಹೇಳಿಕಳಿಸಿದ ಹಾಗೆ ಸುತ್ತಲಿನ ನರದ ಎಳೆಗಳು ಗಂಟಿನೊಳಗೆ ಬೆಳೆಯುತ್ತವಂತೆ. ಅದೇ ಅಂಶ ಕ್ಯಾನ್ಸರಿನ ಜೀವಕೋಶಗಳಿಗೂ ಹೆಚ್ಚಲು, ಇದ್ದ ಜಾಗ ಬಿಟ್ಟು ಕದಲಲು ಕುಮ್ಮಕ್ಕು ಕೊಡುತ್ತದಂತೆ. ಬಂದ ನರಗಳೂ ಅದಕ್ಕೆ ಒತ್ತಾಸೆಯಾಗಿ ನಿಲ್ಲುತ್ತವಂತೆ. ನಿಮ್ಮಕ್ಕನ ಗಂಟಿನಲ್ಲೂ ಹೀಗೇ ಆಯಿತೆಂದು ನೋಡದೆ ಹೇಳಲಾರೆ ಎಂದೂ ಅವರು ಸೇರಿಸಿದರು.

ನಾನು ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡೆನೆಂದು ದಯವಿಟ್ಟು ಭಾವಿಸಬೇಡಿ. ಹೆದರಿದರೆ ನರ ಕೆರಳುತ್ತದೆ, ನರ ಕೆರಳಿದರೆ ಕಾಯಿಲೆ ಮರಳುತ್ತದೆ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡು, ವಾರಗಟ್ಟಲೆ ಧೈರ್ಯದ ಅಭ್ಯಾಸ ಮಾಡಿದೆ. ಹಲ್ಲಿ ಕಂಡರೂ ನಗು, ಗಿರಾಕಿ ಬೈದರೂ ನಗು. ಗಿರಾಕಿಗಳೇ ಹೆದರಿ ಬೇರೆ ಅಂಗಡಿ ಹುಡುಕತೊಡಗಿದರು. ವಿಷಯ ತಿಳಿದ ಡಾಕ್ಟರಮ್ಮ ಹಣೆ ಚಚ್ಚಿಕೊಂಡರು.

“ನಾನು ಹೇಳಿದ್ದು ಗಂಟಿನೊಳಗಿನ ನರದ ವಿಷ್ಯ, ನಿಮ್ಮ ಸ್ವಭಾವದ್ದಲ್ಲ. ನೀವು ಆರಾಮಾಗಿ ಹೆದರ್ಕೊಳ್ಳಿ.”

ಅಂದಿನಿಂದ ಆರಾಮಾಗಿ ಹೆದರಿಕೊಂಡಿದ್ದೇನೆ. ಈಗಿನ ಹೆದರಿಕೆಗೆ ಕಾರಣ ತಾವು. ಏಕೆಂದರೆ ಡಾಕ್ಟರಮ್ಮನ ಕೆಲಸ ನಡೆಯಬೇಕಾದದ್ದು ಅಕ್ಕನದೂ ನನ್ನದೂ ಇರುವ ಅದೇ ಮೇಣದ ತುಂಡುಗಳ ಮೇಲೆ. ಕೂದಲಿಗಿಂತ ತೆಳ್ಳಗೆ ಸೀಳಿ, ಬಣ್ಣ ಹಚ್ಚಿ, ಒಳಗೆ ನರದ ಎಳೆ ಎಷ್ಟಿದೆ ಎಂದು ನೋಡುತ್ತಾರೆ. ನಿನ್ನೆ ಮೊನ್ನೆ ತೆಗೆದ ಗಂಟು ಇದಕ್ಕೆ ಆಗುವುದಿಲ್ಲ. ಯಾರದು ಹರಡಿತು, ಯಾರದು ಹರಡಲಿಲ್ಲ ಎಂಬುದು ವರ್ಷಗಳು ಕಳೆದ ಮೇಲೆ ತಾನೇ ತಿಳಿಯುವುದು? ಹೋಲಿಸಿ ನೋಡಲು ಹರಡದೆ ಇದ್ದದ್ದೂ ಬೇಕಂತೆ. ಏನೂ ಮಾಡದೆ ತೆಪ್ಪಗಿದ್ದುದಕ್ಕೆ ಬೆಲೆ ಬಂದದ್ದು ನನ್ನ ಜೀವನದಲ್ಲಿ ಇದೇ ಮೊದಲು. ಅಷ್ಟರಲ್ಲಿ ತಮ್ಮ ಪ್ರಕಟಣೆ ಬಂತು.

ತಮ್ಮ ಕಚೇರಿಗೂ ಬಂದಿದ್ದೆ. ಗುಮಾಸ್ತರು ಬಲು ಉದಾರಿಗಳು. ನಿಮ್ಮದೇನಾದರೂ ಇದ್ದರೆ ತೆಗೆದುಕೊಂಡು ಹೋಗಿ ಅಮ್ಮಾ, ಅವನ್ನಿಟ್ಟಿರುವ ಕೋಣೆ ಖಾಲಿಯಾಗಬೇಕು ಎಂದರು. ಮನೆಗೆ ಒಯ್ದು ಎಲ್ಲಿಡಲಿ, ಗುಂಡಿಗಳ ಡಬ್ಬಿಯಲ್ಲೇ? ಖಾಲಿಯಾದ ಕೋಣೆಯಲ್ಲಿ ತಮ್ಮ ಸಮಿತಿಯ ಸಭೆ ನಡೆಯುತ್ತದೆಂದೂ ತಿಳಿಸಿದರು. ಮುಂದೆ ಏನೇನು ಎಸೆಯಬೇಕೆಂದು ಚರ್ಚಿಸಲು ಜಾಗ ಬೇಕಲ್ಲವೇ?

ಅಕ್ಕನ ಮಗಳು ಈಗ ಅಕ್ಕನ ಮೆಷಿನ್ ತುಳಿಯುತ್ತಾಳೆ. ಮೊನ್ನೆ ಹೊಲಿಯುತ್ತಿದ್ದವಳು ತಲೆ ಎತ್ತದೆಯೇ ಕೇಳಿದಳು: “ಚಿಕ್ಕಮ್ಮಾ, ನಂಗೂ ಬಂದ್ರೆ, ಅಮ್ಮನ ಥರ ಆಗುತ್ತಾ, ನಿನ್ನ ಥರಾನಾ?”

ನನಗೆ ಗೊತ್ತಿರಲಿಲ್ಲ. ಡಾಕ್ಟರಮ್ಮನಿಗೂ ಇನ್ನೂ ಗೊತ್ತಿಲ್ಲ. ಗೊತ್ತಾದೀತೆಂಬ ಆಸೆ ಆ ಕೋಣೆಯಲ್ಲಿದೆ. ಅಕ್ಕನ ದೇಹದ್ದೆಂದು ಈಗ ಉಳಿದಿರುವುದು ಅಲ್ಲಿರುವ ಆ ಚೂರೊಂದೇ, ಅವಳನ್ನು ಕೊಂದದ್ದೂ ಅದೇ. ಅದರ ಮೇಲೆ ನನಗೆ ಹೊಟ್ಟೆ ಉರಿಯುವಷ್ಟು ಸಿಟ್ಟಿದೆ. ಆದರೂ ಆ ಹುಡುಗಿಗೆ ಉತ್ತರ ಕೊಡದೆ ಅದು ಅಲ್ಲಿಂದ ಕದಲಕೂಡದು. ಪ್ರಕಟಣೆಯನ್ನು ಹಿಂದಕ್ಕೆ ಪಡೆಯಿರಿ. ಇಲ್ಲವಾದರೆ ನಮ್ಮ ಅಂಗಡಿಗೆ ಬಂದು, ಆ ಮೆಷಿನ್ನಿನ ಮುಂದೆ ನಿಂತು, ಅವಳಿಗೆ ತಾವೇ ಉತ್ತರ ಹೇಳಿ.

ಇಂತಿ,
ಹೆಸರು ಹಾಕಲು ಹೆದರಿ, ಅಂಗಡಿಯ ವಿಳಾಸವನ್ನು ಮಾತ್ರ ಬಾಯಿಬಿಟ್ಟಿರುವ ದರ್ಜಿ