ನಡುಗದ ಗಾಳಿ

ಅಪ್ಪಾ,

ಎದುರಿಗೆ ಬಂದು ಹೇಳಿದರೆ ಮತ್ತೆ ಜಗಳ ಆಗುತ್ತೆ. ಅದಕ್ಕೇ ಬರೀತಿದೀನಿ. ತಪ್ಪು ತಿದ್ದೋಕೆ ಕೂರಬೇಡ, ಓದು ಅಷ್ಟೆ.

ನಾನು ಸ್ಕೂಲ್ ಬಿಟ್ಟ ದಿನ ನೀನು ಅಂದಿದ್ದು ನೆನಪಿದೆಯಾ? "ಹೋಗು, ಟೈರಿಗೆ ಗಾಳಿ ಹೊಡ್ಕೊಂಡು ಬಿದ್ದಿರು." ಹೋದೆ. ಈಗಲೂ ಅದನ್ನೇ ಮಾಡ್ತಿದೀನಿ. ಪಂಕ್ಚರ್ ಅಂಗಡೀಲಿ ಎಲ್ಲರೂ ನನ್ನನ್ನ ‘ಗಾಳಿ’ ಅಂತಲೇ ಕರೀತಾರೆ. ಆ ಸಿಟ್ಟು ಇನ್ನೂ ಇದೆ. ಅದನ್ನ ಹೊತ್ತುಕೊಂಡು ತಿರುಗಿ ತಿರುಗಿ ಸುಸ್ತಾಗಿದೆ, ಅಷ್ಟೆ.

ಕೈ ನಡುಗೋಕೆ ಶುರುವಾದಮೇಲೆ ನೀನು ಗಡಿಯಾರ ರಿಪೇರಿ ಬಿಟ್ಟೆ. ಸರಿ. ಆದರೆ ಆಸೆಪಟ್ಟು ಜೋಡಿಸಿದ ಆ ಅಂಗೈಯಷ್ಟು ಮಾಡೆಲ್ ಹಡಗಿಗೆ ಬಣ್ಣ ಹಚ್ಚೋದನ್ನೂ ಬಿಟ್ಟೆಯಲ್ಲ, ಅದು ನನಗೆ ನೋಡೋಕಾಗಲಿಲ್ಲ. ಬ್ರಷ್ ತಾಗಿಸಿದರೆ ಗೆರೆ ಸೊಟ್ಟ ಆಗುತ್ತೆ, ತಾಗಿಸದೇ ಬಣ್ಣ ಊದೋ ಏರ್‌ಬ್ರಷ್ ಆದರೆ ನಡೆಯುತ್ತೆ ಅಂತ ತಂದುಕೊಟ್ಟೆ. ಅದಕ್ಕೆ ಗಾಳಿ ಒದಗಿಸೋಕೆ ತಂದ ಕಂಪ್ರೆಸರ್ ಮಾತ್ರ ನನ್ನ ದಡ್ಡತನ. ಸದ್ದಿಲ್ಲ, ಟೀ ಲೋಟದಷ್ಟಿದೆ ಅಂತ ಮರುಳಾದೆ. ಗಾಳಿ ತುಂಬಿಟ್ಟುಕೊಳ್ಳೋ ಟ್ಯಾಂಕೇ ಇಲ್ಲ ಅದಕ್ಕೆ. ಗಾಳಿ ಬಿಟ್ಟು ಬಿಟ್ಟು ಬಂತು, ಹಡಗಿನ ಪಕ್ಕೆ ತುಂಬ ಚುಕ್ಕೆ. "ನನ್ನ ಕೈಯೂ ನಡುಗುತ್ತೆ, ಇದರ ಗಾಳಿಯೂ ನಡುಗುತ್ತೆ. ಒಂದೇ ಮನೇಲಿ ಇಬ್ಬರು ಬೇಡ ಕಣೋ" ಅಂತ ನೀನು ನಕ್ಕೆ. ಆಮೇಲೆ ಹಡಗಿನ ಮೇಲೆ ಬಟ್ಟೆ ಮುಚ್ಚಿ ಗೋಡೆ ಕಡೆ ತಿರುಗಿ ಕೂತೆ. ಬೈದಿದ್ದರೆ ಚೆನ್ನಾಗಿತ್ತು.

ಇವತ್ತು ಬೇರೆ ಕಂಪ್ರೆಸರ್ ತಂದಿದೀನಿ. ಅದನ್ನ ಮಾರೋ ಅಂಗಡಿಯವನು "ದೊಡ್ಡದೇ ತಗೊಳ್ಳೋ, ಕಾರಿಗೂ ಬಣ್ಣ ಹೊಡೀಬಹುದು" ಅಂದ. "ಅದನ್ನ ಆನ್ ಮಾಡಿದರೆ ಆ ಗಾಳಿಗೆ ನಮ್ಮಪ್ಪನ ಹಡಗು ಹಾರಿಬಂದು ನಿನ್ನ ತಲೆ ಮೇಲೇ ಬೀಳುತ್ತೆ" ಅಂತ ನಾನಂದೆ. ಇದಕ್ಕೆ ಸಣ್ಣ ಟ್ಯಾಂಕ್ ಇದೆ. ಮೊದಲು ಗಾಳಿ ತುಂಬಿಕೊಂಡು ಆಮೇಲೆ ಒಂದೇ ಸಮ ಬಿಡುತ್ತೆ. ಮುಂದಿರೋ ಗುಂಡಿ ತಿರುಗಿಸಿ ಒತ್ತಡ ಕಮ್ಮಿ ಇಟ್ಟುಕೋ. ಪಕ್ಕದ ಪುಟ್ಟ ಬಟ್ಟಲಲ್ಲಿ ಗಾಳಿಯ ತೇವ ನೀರಾಗಿ ನಿಲ್ಲುತ್ತೆ, ಆಗಾಗ ಚೆಲ್ಲು; ಇಲ್ಲಾಂದ್ರೆ ಹಡಗಿನ ಮೇಲೆ ಉಗುಳುತ್ತೆ. ಸದ್ದು ಇದೆ, ಸುಳ್ಳು ಹೇಳಲ್ಲ. ಆದರೆ ಟ್ಯಾಂಕ್ ತುಂಬಿದ ತಕ್ಷಣ ತಾನೇ ಸುಮ್ಮನಾಗುತ್ತೆ. ನಮ್ಮಿಬ್ಬರಿಗೆ ಆ ಬುದ್ಧಿ ಬರಲಿಲ್ಲ ನೋಡು.

ಮೊದಲು ಹಳೇ ಪೇಪರ್ ಮೇಲೆ ಊದಿ ನೋಡು. ಆಗಲ್ಲ ಅನ್ನಿಸಿದರೆ ಬಟ್ಟೆ ಮುಚ್ಚೇ ಇರಲಿ, ಯಾಕೆ ಅಂತ ನಾನು ಕೇಳಲ್ಲ. ಪಕ್ಕದ ರೂಮಲ್ಲಿ ಬಿದ್ದುಕೊಂಡಿರ್ತೀನಿ. ಎದ್ದು ಬಂದು ಏನೂ ಹೇಳಬೇಡ. ಗೋಡೆ ಆಚೆಯಿಂದ ಮೋಟಾರ್ ಸದ್ದು ಕೇಳಿದರೆ ಸಾಕು, ನನಗೆ ನಿದ್ದೆ ಬರುತ್ತೆ.

ಕೈ ಬೇಕಾದರೆ ನಡುಗಲಿ ಅಪ್ಪ. ಗಾಳಿ ನಡುಗದಿರಲಿ.

ನಿನ್ನ
ಗಾಳಿ